ಎತ್ತಿನ ಗೂಟಕ್ಕೆ ಕಟ್ಟಿದ ಸೈಕಲ್

ನಂದಾಳ ಹಳೆಯ ಸೈಕಲ್ಲಿನ ಚೈನು ಹರಿದದ್ದು ಅರ್ಧ ದಾರಿಯಲ್ಲಿ. ಉಳಿದರ್ಧ ದಾರಿ ಅದನ್ನು ತಳ್ಳಿಕೊಂಡು ಓಡೋಡಿ ಮೂಡಲಗಿಯ ಹಾಸ್ಟೆಲ್ ಮುಟ್ಟಿದಾಗ ಹುಡುಗಿಯರು ಖಾಲಿ ತಾಟು ಮುಂದಿಟ್ಟುಕೊಂಡು ಕೂತಿದ್ದರು. ಅಡುಗೆಮನೆಯ ಒಲೆಗೆ ಇನ್ನೂ ಬೆಂಕಿ ಬಿದ್ದಿರಲಿಲ್ಲ. ಆ ದಿನ ಅವರು ಬಿಸ್ಕೀಟು ತಿಂದು ಶಾಲೆಗೆ ಹೋದರು. ಹಿಂದಿನ ತಿಂಗಳು ಟೈರು ಒಡೆದಾಗಲೂ ಹೀಗೇ ಆಗಿತ್ತು.

ವಾರ್ಡನ್ ವಿಜಯಲಕ್ಷ್ಮಿ ಕೂಗಾಡುವ ಪೈಕಿ ಅಲ್ಲ. ಕೂಗಾಡುವವರನ್ನು ಹೇಗಾದರೂ ಸಂಭಾಳಿಸಬಹುದು, ಮೆಲ್ಲಗೆ ಮಾತಾಡುವವರದ್ದೇ ಕಷ್ಟ. ಪಾತ್ರೆ ತೊಳೆಯುತ್ತಿದ್ದ ನಂದಾಳ ಹತ್ತಿರ ಬಂದು ನಿಂತು ಆಕೆ ಹೇಳಿದ್ದು ಇಷ್ಟೇ:

"ನಂದಕ್ಕ, ನಿಮ್ಮ ಕೈ ಅಡಗಿ ಛಲೋ ಐತಿ, ನಾ ಇಲ್ಲ ಅನ್ನೂದಿಲ್ಲ. ಆದ್ರ ಇನ್ನೊಮ್ಮಿ ಹಿಂಗಾದ್ರ ನಾ ಬ್ಯಾರೆಯವ್ರನ್ನ ನೋಡಬೇಕಾಗತೈತಿ."

ಬಸ್ಸಿಲ್ಲವೇ ಎಂದು ನೀವು ಕೇಳಬಹುದು. ಹೆಂಗಸರಿಗೆ ಬಸ್ಸು ಪುಕ್ಕಟೆಯೇನೋ ಹೌದು. ಆದರೆ ಅದು ಬಂದರೆ ತಾನೆ ಹತ್ತುವುದು? ಕಾಲುವೆಯಾಚೆಯ ತೋಟದ ಮನೆಗಳ ಕಡೆ ಮೊದಲ ಬಸ್ಸು ಮುಖ ತೋರಿಸುವ ಹೊತ್ತಿಗೆ ನಂದಾಳ ಉಪ್ಪಿಟ್ಟು ಒಲೆಯಿಂದ ಇಳಿದಿರಬೇಕು. ಗಂಡ ಯಲ್ಲೇಶ ಕುರಿ ಹಿಂಡು ಹೊಡೆದುಕೊಂಡು ಒಣ ಸೀಮೆಗೆ ಹೋದವನು, ವರ್ಷದಲ್ಲಿ ಬಹುಪಾಲು ಅಡವಿಯಲ್ಲೇ ಇರುತ್ತಾನೆ. ಮಗಳು ಅರ್ಚನಾ ಗೋಕಾಕದಲ್ಲಿ ನರ್ಸಿಂಗ್ ಓದುತ್ತಾಳೆ, ಅವಳ ಓದು ನಿಂತಿರುವುದೇ ತಾಯಿಯ ಪಗಾರದ ಮೇಲೆ. ಈ ಕೆಲಸ ಹೋದರೆ ಹುಡುಗಿ ಪುಸ್ತಕ ಮಡಚಿ ಮನೆಗೆ ಬರಬೇಕು. ಆದ್ದರಿಂದ ಸೈಕಲ್ ಕೊಳ್ಳುವುದು ನಂದಾಳಿಗೆ ಶೋಕಿಯ ಮಾತಾಗಿರಲಿಲ್ಲ. ಮಳೆಗಾಲದ ಕೆಸರು, ಚಳಿಗಾಲದಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಅಗೆದ ರಸ್ತೆ, ಬೇಸಿಗೆಯ ಜಾಲಿಮುಳ್ಳು, ಇಷ್ಟನ್ನೂ ತಡೆದುಕೊಂಡು ಒಂದು ದಿನವೂ ಕೈಕೊಡದ ಸೈಕಲ್ ಆಕೆಗೆ ಬೇಕಿತ್ತು. ಬೆಲೆ ಮಾತ್ರ ಕೈಗೆಟುಕುವಂತಿರಬೇಕು.

ಕೊಳ್ಳಲು ಹೊರಟರೆ ಅತ್ತೆ ಹಣಮವ್ವ ತಾನೂ ಬರುತ್ತೇನೆಂದು ಸೀರೆ ಉಟ್ಟು ನಿಂತಳು. ಹಣಮವ್ವ ಕುರುಬರ ಮನೆಯ ಹಿರಿಯಳು. ಅವಳು ಕೈಯಾಡಿಸಿ ನೋಡದ ಟಗರಾಗಲಿ ಎಮ್ಮೆಯಾಗಲಿ ಆ ಮನೆಯ ಹೊಸ್ತಿಲು ದಾಟಿದ್ದಿಲ್ಲ. ಅವಳು ಬೆನ್ನು ಒತ್ತಿ, ಹಲ್ಲು ನೋಡಿ, ಗೊರಸು ಎತ್ತಿ ಆರಿಸಿದ ಪ್ರಾಣಿ ಹಾಳಾದದ್ದೂ ಕಡಿಮೆ. ತರುವಾಗ ಎಷ್ಟು ಎಚ್ಚರದವಳೋ ಕಳಿಸುವಾಗ ಅಷ್ಟೇ ಕಠಿಣ. ಮನೆಯವರನ್ನು ಕೊಂಬಿನಿಂದ ಹಾಯ್ದ ದನ ಮನೆಯಲ್ಲಿರಬಾರದು ಎಂಬುದು ಅವಳ ರೂಢಿ. ಎರಡು ಹೊತ್ತೂ ಬಿಂದಿಗೆ ತುಂಬ ಹಾಲು ಕೊಡುತ್ತಿದ್ದ ಕರಿ ಎಮ್ಮೆ ಒಮ್ಮೆ ಅರ್ಚನಾಳನ್ನು ಹಾಯ್ದು ಕೆಡವಿತ್ತು. ಹುಡುಗಿಗೆ ಆದದ್ದು ಬರೀ ತರಚು ಗಾಯ. ಆದರೂ ಮುಂದಿನ ಸಂತೆಗೆ ಎಮ್ಮೆ ಹೊರಟೇಹೋಯಿತು. ಮನೆಮಂದಿ ಅತ್ತರು, ಹಣಮವ್ವನೂ ಅತ್ತಳು. ಆದರೆ ಹಗ್ಗ ಬಿಚ್ಚಿಕೊಟ್ಟವಳು ಅವಳೇ.

ಮೂಡಲಗಿಯ ಪೇಟೆಯಲ್ಲಿ ಶಿದ್ರಾಮನ ಸೈಕಲ್ ಅಂಗಡಿ. ಅವನು ಮೊದಲು ತೋರಿಸಿದ್ದು ಅಗಲ ಟೈರಿನ, ಗೇರು ಇರುವ, ಕಣ್ಣು ಕುಕ್ಕುವ ಕೆಂಪು ಸೈಕಲ್. ಅದಕ್ಕೆ ಮಡ್‌ಗಾರ್ಡ್ ಇಲ್ಲ, ಕ್ಯಾರಿಯರ್ ಇಲ್ಲ, ಚೈನು ಬಯಲಲ್ಲೇ ಇದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದು ಅಡುಗೆಯವಳಿಗೆ ತಿಳಿಯದೆ? ಇದರ ಗೇರು ಕೆಟ್ಟರೆ ನಮ್ಮ ದಾರಿಯ ಪಂಚರ್ ಅಂಗಡಿಯವನು ಕೈ ಹಚ್ಚುತ್ತಾನೆಯೇ ಎಂದು ನಂದಾ ಕೇಳಿದಳು. ಶಿದ್ರಾಮ ತಲೆ ಕೆರೆದುಕೊಂಡು ಅದನ್ನು ಪಕ್ಕಕ್ಕೆ ಸರಿಸಿದ.

ಹಣಮವ್ವನ ಮನಸ್ಸು ಹೋದದ್ದು ಗಂಡಸರ ಎತ್ತರದ ಕರಿ ಸೈಕಲ್ ಮೇಲೆ. ಎರಡೂ ಕೈಯಿಂದ ಅದನ್ನು ಎತ್ತಿ ಭಾರ ನೋಡಿದಳು, ಸೀಟು ಒತ್ತಿದಳು, ಸ್ಟ್ಯಾಂಡಿಗೆ ಕಾಲಿನಿಂದ ಒದ್ದಳು. ಎಲುಬು ಗಟ್ಟಿ ಇದೆ, ಇದನ್ನೇ ಒಯ್ಯೋಣ ಎಂದು ತೀರ್ಪು ಕೊಟ್ಟಳು. ನಂದಾ ಘೋಡಗೇರಿಯ ತವರಲ್ಲಿ ಅಪ್ಪನ ಅಂಥದೇ ಸೈಕಲ್ಲಿನ, ಸೀಟಿನ ಮುಂದಿನ ಅಡ್ಡಗೊಳವಿಯ ಕೆಳಗೆ ಕಾಲು ತೂರಿಸಿ ತುಳಿಯುವುದನ್ನು ಕಲಿತವಳು. ಆದರೆ ಲಂಗ ಉಟ್ಟ ಹುಡುಗಿಯ ಮಾತು ಬೇರೆ, ಕಡಾಯಿ ಎತ್ತಿ ಸೊಂಟ ನೋಯಿಸಿಕೊಂಡ, ಸೀರೆ ಉಟ್ಟ ಹೆಂಗಸಿನ ಮಾತು ಬೇರೆ. ಕತ್ತಲಲ್ಲಿ ಕೆಸರಿನಲ್ಲಿ ಸೈಕಲ್ ಜಾರಿದರೆ ಕಾಲು ನೆಲಕ್ಕೆ ಎಟುಕಬೇಕು.

ಆಕೆ ಆರಿಸಿದ್ದು ಮೂಲೆಯಲ್ಲಿ ಧೂಳು ಹಿಡಿದು ನಿಂತಿದ್ದ ಹಸಿರು ಸೈಕಲ್. ಅಡ್ಡಗೊಳವಿ ಇಲ್ಲ, ಚೈನಿಗೆ ಪೂರ್ತಿ ಮುಚ್ಚಳ, ಎರಡೂ ಗಾಲಿಗೆ ಕಬ್ಬಿಣದ ಮಡ್‌ಗಾರ್ಡ್, ದಪ್ಪ ಕಡ್ಡಿ. ಗೇರಿನ ತಂಟೆ ಇಲ್ಲ. ಇದರ ಸಾಮಾನು ಯಾವ ಹಳ್ಳಿಯಲ್ಲಾದರೂ ಸಿಗುತ್ತದೆಂದು ಶಿದ್ರಾಮನೇ ಒಪ್ಪಿಕೊಂಡ. ಬ್ರೇಕು ಹಳೆಯ ನಮೂನೆಯದು, ಎರಡು ರಬ್ಬರ್ ತುಂಡು ರಿಮ್ಮಿನ ಎರಡೂ ಮಗ್ಗುಲು ಒತ್ತಿ ಹಿಡಿಯುತ್ತವೆ. ಮಳೆಯಲ್ಲಿ ಸ್ವಲ್ಪ ಮೊದಲೇ ಒತ್ತಬೇಕು, ರಬ್ಬರು ನೀರು ಒರೆಸಿಕೊಂಡು ಆಮೇಲೆ ಹಿಡಿಯುತ್ತದೆ ಎಂದು ಅವನು ನಂದಾಳಿಗೆ ತೋರಿಸಿಕೊಟ್ಟ. ಅದು ಮುಗಿದ ಮೇಲೆ, ಎಂಟು ದಿನಕ್ಕೊಮ್ಮೆ ಚೈನಿಗೆ ಎಣ್ಣೆ ಬಿಡಿ, ಎಣ್ಣೆ ಕಂಡ ಕಬ್ಬಿಣಕ್ಕೆ ಸಾವಿಲ್ಲ ಎಂದ. ಈ ಕೊನೆಯ ಮಾತು ಮಾತ್ರ ಹಣಮವ್ವನ ಕಿವಿಗೆ ಬಿತ್ತು.

ತನ್ನ ಮಾತು ನಡೆಯಲಿಲ್ಲವೆಂದು ಮುದುಕಿಯ ಮುಖ ಬಾಡಿತು. ಹಟಕ್ಕೆ ಬಿದ್ದವಳಂತೆ ಒಂದು ಷರತ್ತು ಹಾಕಿದಳು.

"ಕ್ಯಾರಿಯರ್ ಆದ್ರೂ ಆ ಕರೀದರದ್ದ ಹಾಕ್ಸು. ಒಂದ ಚೀಲ ಗೊಂಜಾಳ ಹೇರಿದ್ರ ಬಾಗಬಾರ್ದು."

ಮೆಕ್ಕೆಜೋಳ ಇರಲಿ, ಡಬ್ಬಿಯ ಚೀಲವೊಂದನ್ನು ಬಿಟ್ಟರೆ ನಂದಾ ಏನನ್ನೂ ಹೇರುವವಳಲ್ಲ. ಆದರೂ ಮುದುಕಿಯ ಮನಸ್ಸು ಉಳಿಯಲಿ ಎಂದು ಆ ದಪ್ಪ ಕ್ಯಾರಿಯರ್ ಕೂರಿಸಿಕೊಂಡಳು. ದಾರಿಯುದ್ದಕ್ಕೂ ಹಣಮವ್ವ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ಮನೆಯಲ್ಲಿ ಎತ್ತುಗಳು ಸತ್ತುಹೋದ ಮೇಲೆ ಕೊಟ್ಟಿಗೆಯಲ್ಲಿ ಈಗಿನ ಎಮ್ಮೆಯ ಪಕ್ಕದ ಗೂಟ ಖಾಲಿ ಇತ್ತು. ಸೊಸೆ ಅದಕ್ಕೆ ಸೈಕಲ್ ನಿಲ್ಲಿಸಿ ಸರಪಳಿ ಹಾಕುವುದನ್ನು ಅವಳು ನೋಡಿಯೂ ನೋಡದವಳಂತೆ ಒಳಗೆ ಹೋದಳು.

ಅದಾದ ಮೇಲೆ ನಂದಾ ಒಂದು ದಿನವೂ ತಡಮಾಡಲಿಲ್ಲ. ಮೊದಲ ಮಳೆಗೆ ರಸ್ತೆ ಕೆಸರಾದಾಗಲೂ ಸೀರೆಯ ಅಂಚು ಒದ್ದೆಯಾಗದೆ ಹಾಸ್ಟೆಲ್ ಮುಟ್ಟಿದಳು. ವಾರ್ಡನ್ ಮಾತ್ರ ದಿನಾ ಬಾಗಿಲಲ್ಲಿ ನಿಂತು ಗಡಿಯಾರ ನೋಡುವುದನ್ನು ಬಿಟ್ಟಿರಲಿಲ್ಲ. ಆ ನೋಟ ನೆನಪಾದರೆ ನಂದಾಳಿಗೆ ದಾರಿಯಲ್ಲಿ ಗಾಳಿಗೆ ಎದುರಾಗಿಯೂ ಕಾಲು ತಾನಾಗಿ ಜೋರಾಗುತ್ತಿತ್ತು.

ಕಾರಹುಣ್ಣಿಮೆ ಬಂತು. ಊರೆಲ್ಲ ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆ ಕಟ್ಟುವ ದಿನ. ಎತ್ತಿಲ್ಲದ ಮನೆಯಲ್ಲಿ ಆ ದಿನ ಹಣಮವ್ವ ಮಂಕಾಗಿ ಕೂರುವುದು ವಾಡಿಕೆ. ಈ ಸಲ ಹಾಗಾಗಲಿಲ್ಲ. ಸಂಜೆ ನಂದಾ ಹೋಳಿಗೆ ಬೇಯಿಸುತ್ತಿದ್ದಾಗ ಕೊಟ್ಟಿಗೆಯಲ್ಲಿ ನೀರು ಸುರಿಯುವ ಸದ್ದು ಕೇಳಿತು. ಆರತಿಗೆ ಬಾ ಎಂದು ಅತ್ತೆ ಕರೆದಾಗ ಹೋಗಿ ನೋಡಿದರೆ ಸೈಕಲ್ಲಿನ ಹ್ಯಾಂಡಲಿಗೆ ಚೆಂಡು ಹೂವಿನ ಮಾಲೆ, ನಡುವೆ ಸತ್ತ ಎತ್ತಿನ ಹಿತ್ತಾಳೆ ಗಂಟೆ, ಮುಂದಿನ ಮಡ್‌ಗಾರ್ಡಿಗೆ ಕುಂಕುಮ. ಮುದುಕಿ ಕಡೆಗೂ ಸೈಕಲ್ಲನ್ನು ಮನೆಯೊಳಗಿನದೆಂದು ಒಪ್ಪಿಕೊಂಡಿದ್ದಳು. ನಂದಾ ಆರತಿ ಎತ್ತಿದಳು. ಹಣತೆಯ ಬೆಳಕಿನಲ್ಲಿ ಗಾಲಿಗಳ ಕಡೆ ಅವಳು ನೋಡಲಿಲ್ಲ. ಯಾರು ತಾನೆ ನೋಡುತ್ತಾರೆ?

ಮರುದಿನ ನಸುಕಿನಲ್ಲಿ ತುಂತುರು ಮಳೆ. ಮನೆಯಿಂದ ಸ್ವಲ್ಪ ದೂರದವರೆಗೆ ದಾರಿ ಸಪಾಟು, ಬ್ರೇಕಿನ ಕೆಲಸವೇ ಇಲ್ಲ. ಆಮೇಲೆ ಉದ್ದನೆಯ ಇಳುಕಲು, ಅದರ ಬುಡದಲ್ಲಿ ಕಾಲುವೆಯ ಕಿರಿದಾದ ಸೇತುವೆ. ಶಿದ್ರಾಮ ಹೇಳಿಕೊಟ್ಟಂತೆ ನಂದಾ ಇಳುಕಲಿನ ತಲೆಯಲ್ಲೇ ಬ್ರೇಕು ಒತ್ತಿದಳು. ಹಿಡಿಯಲಿಲ್ಲ. ನೀರು ಒರೆಸಿಕೊಳ್ಳಲಿ ಎಂದು ಒತ್ತಿಯೇ ಹಿಡಿದಳು. ಆಗಲೂ ಹಿಡಿಯಲಿಲ್ಲ. ಸೈಕಲ್ ಸದ್ದಿಲ್ಲದೆ ವೇಗ ತೆಗೆದುಕೊಳ್ಳತೊಡಗಿತು, ಹ್ಯಾಂಡಲಿನ ಗಂಟೆ ಮಾತ್ರ ಹುಚ್ಚು ಹಿಡಿದಂತೆ ಬಡಿದುಕೊಳ್ಳುತ್ತಿತ್ತು.

ಸೇತುವೆಯ ಮೇಲೆ ಗೊಬ್ಬರದ ಚೀಲ ಹೇರಿದ ಟ್ರ್ಯಾಕ್ಟರ್ ಎದುರಾಗಿ ಬರುತ್ತಿತ್ತು. ಸೇತುವೆ ಅದೊಂದಕ್ಕೇ ಸಾಲುವಷ್ಟು ಅಗಲ. ಎಡಕ್ಕೆ ತುಂಬಿ ಹರಿಯುವ ಕಾಲುವೆ. ನಂದಾ ಎರಡೂ ಕಾಲು ನೆಲಕ್ಕೆ ಊರಿ ಉಜ್ಜಿದಳು, ಒಂದು ಚಪ್ಪಲಿಯ ಪಟ್ಟಿ ಕಿತ್ತುಹೋಗಿ ಚಪ್ಪಲಿ ಹಿಂದೆ ಉಳಿಯಿತು. ಬಲಕ್ಕೆ ರಸ್ತೆ ರಿಪೇರಿಗೆಂದು ಸುರಿದ ಗರಸು ಮಣ್ಣಿನ ಗುಡ್ಡೆ ಕಣ್ಣಿಗೆ ಬಿತ್ತು. ಹ್ಯಾಂಡಲ್ ಅದರತ್ತ ತಿರುಗಿಸಿ ಕಣ್ಣು ಮುಚ್ಚಿಕೊಂಡಳು.

ಕಣ್ಣು ಬಿಟ್ಟಾಗ ಗುಡ್ಡೆಯ ಮೇಲೆ ಅಡ್ಡ ಬಿದ್ದಿದ್ದಳು. ಮೊಣಕೈ ಕಿತ್ತು ರಕ್ತ ಬರುತ್ತಿತ್ತು, ಮೂಳೆ ಮುರಿದಂತಿರಲಿಲ್ಲ. ಟ್ರ್ಯಾಕ್ಟರಿನವನು ಇಳಿದು ಬಂದು ಎಬ್ಬಿಸಿ ಕೂರಿಸಿದ. ಸೈಕಲ್ಲಿನ ಮುಂದಿನ ಗಾಲಿಯನ್ನು ಕಾಲ ನಡುವೆ ಹಿಡಿದು ಹ್ಯಾಂಡಲ್ ನೆಟ್ಟಗೆ ಮಾಡಿಕೊಟ್ಟ. ಮಡ್‌ಗಾರ್ಡ್ ಒಂದು ಬಾಗಿತ್ತು, ಬೇರೇನೂ ಆಗಿರಲಿಲ್ಲ. ಬ್ರೇಕಿಲ್ಲದ ಸೈಕಲ್ ಯಾಕೆ ಹೊಡೆಯುತ್ತೀರಿ ಎಂದು ಬೈದು ಅವನು ಹೊರಟುಹೋದ.

ಬ್ರೇಕಿದೆಯಲ್ಲ ಎಂದುಕೊಂಡು ನಂದಾ ರಿಮ್ಮಿಗೆ ಬೆರಳು ಹಚ್ಚಿದಳು. ಬೆರಳು ಜಾರಿತು. ಮೂಗಿನ ಹತ್ತಿರ ತಂದರೆ ಕುಸುಬಿ ಎಣ್ಣೆ, ಅದರೊಳಗೆ ಅರಿಶಿನ. ಎರಡೂ ಗಾಲಿಗೆ ಸುತ್ತಲೂ ಕೈ ಬಿಡದೆ ಹಚ್ಚಿದ ಎಣ್ಣೆ. ಎತ್ತಿಗೆ ಹಬ್ಬದ ದಿನ ಹೀಗೆಯೇ ಗೊರಸಿಗೆ ಎಣ್ಣೆ ಅರಿಶಿನ ತೀಡುತ್ತಾರೆ, ಕಾಲು ಬಿರಿಯದಿರಲಿ, ದಾರಿ ಸುಗಮವಾಗಲಿ ಎಂದು. ನಂದಾಳಿಗೆ ಮುದುಕಿಯ ಮೇಲೆ ಸಿಟ್ಟು ಬಂತು, ಸಿಟ್ಟಿನ ಹಿಂದೆಯೇ ಅಳು ಬಂತು. ಎರಡಕ್ಕೂ ಪುರುಸೊತ್ತಿರಲಿಲ್ಲ, ಬೆಳಕು ಹರಿಯತೊಡಗಿತ್ತು.

ಒಣ ಬಟ್ಟೆಯಿಂದ ಒರೆಸಿದರೆ ಹೋಗುವ ಜಿಡ್ಡಲ್ಲ ಅದು. ಆದರೆ ಜಿಡ್ಡಿನ ಜೊತೆ ಜನ್ಮವಿಡೀ ಗುದ್ದಾಡಿದವಳಿಗೆ ಉಪಾಯ ಹೇಳಿಕೊಡಬೇಕೇ? ಸೇತುವೆಯಾಚೆಯ ಚಹಾದಂಗಡಿಯವನು ಆಗಷ್ಟೇ ಒಲೆಯ ಹಳೆಯ ಬೂದಿ ತೆಗೆಯುತ್ತಿದ್ದ. ಒಂದು ಡಬ್ಬಿ ಬೂದಿ ಬೇಡಿ ತಂದು, ಚೀಲದ ತುಂಡಿನಿಂದ ಎರಡೂ ರಿಮ್ಮನ್ನು, ರಬ್ಬರ್ ತುಂಡುಗಳನ್ನು ಹಬ್ಬದ ತಾಮ್ರದ ಕೊಡ ತಿಕ್ಕಿದಂತೆ ತಿಕ್ಕಿದಳು. ಬ್ರೇಕು ಅರ್ಧಮರ್ಧ ಹಿಡಿಯತೊಡಗಿತು. ಬರಿಗಾಲಲ್ಲಿ ಸೈಕಲ್ ಏರಿದಳು.

ಹಾಸ್ಟೆಲಿನ ಬಾಗಿಲಲ್ಲಿ ವಾರ್ಡನ್ ನಿಂತೇ ಇದ್ದಳು. ನಂದಾ ಮುಖ ಎತ್ತದೆ ಒಳಗೆ ನುಗ್ಗಿದಳು. ಒಂದೇ ಕೈಯಲ್ಲಿ ರವೆ ಹುರಿದು, ಹೆಚ್ಚಲು ಹೊತ್ತಿಲ್ಲದೆ ಉಳ್ಳಾಗಡ್ಡಿಯನ್ನು ಜಜ್ಜಿ ಹಾಕಿದಳು. ಹುಡುಗಿಯರು ತಾಟು ಹಿಡಿದು ಬಂದು ಕೂತರು. ಉಪ್ಪಿಟ್ಟು ಇಳಿಯುವುದಕ್ಕೂ ನಾಷ್ಟಾದ ಗಂಟೆ ಬಾರಿಸುವುದಕ್ಕೂ ಸರಿಹೋಯಿತು. ಆಮೇಲೆ ವಾರ್ಡನ್ ಬಂದು ತಾನೇ ಅವಳ ಮೊಣಕೈಗೆ ಔಷಧ ಹಚ್ಚಿ ಪಟ್ಟಿ ಕಟ್ಟಿದಳು. ಕಟ್ಟುತ್ತಲೇ ಕೇಳಿದಳು:

"ಇವತ್ತೇನೋ ಬಂದ್ರಿ. ನಾಳೆ ಬರತೀರಿಲ್ಲೋ?"

ಬರುತ್ತೇನೆ ಎಂದಳು ನಂದಾ. ಹೇಗೆ ಎಂಬುದು ಅವಳಿಗೇ ಗೊತ್ತಿರಲಿಲ್ಲ.

ಮನೆಯಲ್ಲಿ ಏನು ಹೇಳುವುದು? ಮರಳುವ ದಾರಿಯುದ್ದಕ್ಕೂ ಇದೇ ಯೋಚನೆ. ಜಾರಿ ಬಿದ್ದೆ ಎಂದರೆ ತಪ್ಪು ಸೈಕಲ್ಲಿನ ಮೇಲೆ ಬರುತ್ತದೆ, ಹಾಯ್ದ ಎಮ್ಮೆಗೆ ಆದ ಗತಿ ಅದಕ್ಕೂ ಆಗುತ್ತದೆ, ಕೆಲಸ ಹೋಗುತ್ತದೆ. ನಿಜ ಹೇಳಿದರೆ, ಮೊದಲ ಬಾರಿಗೆ ಅದನ್ನು ಪ್ರೀತಿಯಿಂದ ಮುಟ್ಟಿದ ಮುದುಕಿಯ ಎದೆ ಒಡೆಯುತ್ತದೆ. ಏನೂ ಹೇಳದಿದ್ದರೆ ಅಮಾವಾಸ್ಯೆಯ ಪೂಜೆಗೆ ಮತ್ತೆ ಎಣ್ಣೆ. ಬಾಯೊಳಗಿನ ಬಿಸಿ ತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ.

ಹಣಮವ್ವ ಅಂಗಳದಲ್ಲೇ ಕಾಯುತ್ತಿದ್ದಳು. ಹೆಜ್ಜೆ ಗುರುತು ನೋಡಿ ತೋಳದ ಜಾಡು ಹಿಡಿಯುವವಳಿಗೆ ಬಾಗಿದ ಮಡ್‌ಗಾರ್ಡು, ಪಟ್ಟಿ ಕಟ್ಟಿದ ಕೈ, ಬರಿಗಾಲು ಕಾಣದೆ ಇರುತ್ತವೆಯೇ?

"ಕೆಡವಿತೇನು?" ಎಂದಳು.

ನಂದಾ ಸೈಕಲ್ಲನ್ನು ಸ್ಟ್ಯಾಂಡಿಗೆ ಹಾಕಿದಳು. ಮುದುಕಿ ಹ್ಯಾಂಡಲಿನ ಹತ್ತಿರ ಬಂದು ಎತ್ತಿನ ಗಂಟೆಯನ್ನು ಬಿಚ್ಚತೊಡಗಿದಳು. ಸಂತೆಯ ದಿನ ಇದನ್ನು ಶಿದ್ರಾಮನಿಗೇ ಹಿಂದಕ್ಕೆ ಕೊಟ್ಟು ಬರಬೇಕು, ಅವನು ಎಷ್ಟು ಕೊಟ್ಟರೂ ಸರಿ ಎಂದಳು. ಕೆಲಸದ ಮಾತು ಎತ್ತಿದರೆ, ಜೀವಕ್ಕಿಂತ ಕೆಲಸ ದೊಡ್ಡದೇ ಎಂದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎನ್ನುವಂತಾಯಿತು. ನಂದಾಳ ಕಣ್ಣ ಮುಂದೆ ಪುಸ್ತಕದ ಚೀಲ ಹೊತ್ತು ಮನೆಗೆ ಮರಳುತ್ತಿರುವ ಅರ್ಚನಾ ಬಂದು ಹೋದಳು. ಇನ್ನು ತಡೆಯಲಾಗಲಿಲ್ಲ. ಅತ್ತೆಯ ಕೈ ಹಿಡಿದು ರಿಮ್ಮಿನ ಮೇಲೆ ಇಟ್ಟಳು.

"ಅತ್ತಿ, ಇದು ಗೊರಸಲ್ರಿ. ಇದು ನಿಲ್ಲೂದು ಇಲ್ಲಿ ಹಿಡಿದ್ರನ. ಇಲ್ಲಿ ಎಣ್ಣಿ ಹತ್ತಿದ್ರ ಹಿಡಿಯಂಗಿಲ್ಲ."

ಅಷ್ಟೇ ಹೇಳಿದ್ದು. ಹಣಮವ್ವ ಕೈ ಹಿಂದಕ್ಕೆ ತೆಗೆದುಕೊಂಡು ಅಂಗೈಯನ್ನು ನೋಡಿಕೊಂಡಳು. ಗಂಟೆಯನ್ನು ಕಟ್ಟೆಯ ಮೇಲಿಟ್ಟು ಒಳಗೆ ಹೋದಳು. ರಾತ್ರಿ ರೊಟ್ಟಿ ಮುಟ್ಟಲಿಲ್ಲ. ನಂದಾ ಮೂರು ಸಲ ಕರೆದಳು, ಗೋಡೆಗೆ ಮುಖ ಮಾಡಿ ಮಲಗಿದವಳು ಹೊರಳಲಿಲ್ಲ.

ನಸುಕಿನಲ್ಲಿ ನಂದಾ ಎದ್ದು ಕೊಟ್ಟಿಗೆಗೆ ಬಂದಾಗ ಸೈಕಲ್ ಅಂಗಳದಲ್ಲಿ ನಿಂತಿತ್ತು. ರಿಮ್ಮುಗಳು ಹೊಸ ತಾಟಿನಂತೆ ಹೊಳೆಯುತ್ತಿದ್ದವು. ನೆಲದ ಮೇಲೆ ಬೂದಿ, ಶೀಗೆಕಾಯಿ ಪುಡಿ, ತೆಂಗಿನ ನಾರು ಬಿದ್ದಿದ್ದವು. ಪಕ್ಕದಲ್ಲಿ ಹಣಮವ್ವ ಕಂಬಳಿ ಹೊದ್ದು, ಬಟ್ಟೆಯ ಗಂಟು ಕಂಕುಳಲ್ಲಿಟ್ಟುಕೊಂಡು ನಿಂತಿದ್ದಳು. ಹುಕ್ಕೇರಿಯಲ್ಲಿ ಅವಳ ತಮ್ಮನ ಮನೆ. ಇನ್ನು ಅಲ್ಲಿರುತ್ತೇನೆ ಎಂದಳು.

"ಹಾಯ್ದದ್ದು ಅದಲ್ಲವ್ವ. ನಾ ಹಾಯ್ದೇನಿ. ಮನಿ ಮಂದೀನ ಹಾಯ್ದದ್ದು ಮನ್ಯಾಗ ಇರಬಾರ್ದು."

ನಂದಾಳಿಗೆ ತಿಳಿದಿತ್ತು, ಈ ಮುದುಕಿ ಬಾಯಿಮಾತಿಗೆ ಹೇಳುವವಳಲ್ಲ, ಎಮ್ಮೆಯ ಹಗ್ಗ ಬಿಚ್ಚಿದ ಕೈ ಇದು. ಕೂತು ಅತ್ತು ಕರೆದು ಒಪ್ಪಿಸಬೇಕೆಂದರೆ ಮಧ್ಯಾಹ್ನವಾಗುತ್ತದೆ. ಅಲ್ಲಿ ಬಾಗಿಲಲ್ಲಿ ವಾರ್ಡನ್ ಗಡಿಯಾರ ನೋಡುತ್ತಾಳೆ. ಬಿಟ್ಟು ಹೋದರೆ ಮರಳುವಷ್ಟರಲ್ಲಿ ಮನೆ ಖಾಲಿ. ಕೆಲಸ ಉಳಿಸಿಕೊಂಡರೆ ಅತ್ತೆ ಇಲ್ಲ, ಅತ್ತೆಯನ್ನು ಉಳಿಸಿಕೊಂಡರೆ ಕೆಲಸ ಇಲ್ಲ.

ನಂದಾ ಸೈಕಲ್ ತಿರುಗಿಸಿ ನಿಲ್ಲಿಸಿದಳು. "ಆತು, ಬಸ್ಸಿಗೆ ನಾ ಬಿಡತೀನಿ. ಕ್ಯಾರಿಯರ್ ಮ್ಯಾಲ ಕೂಡ್ರಿ" ಎಂದಳು.

ಹಣಮವ್ವ ಬೆಚ್ಚಿದಳು. ಹುಟ್ಟಿ ಬೆಳೆದದ್ದು ಕುರಿಯ ಹಿಂದೆ ನಡೆದೇ, ಸೈಕಲ್ ಏರಿದವಳಲ್ಲ. ಆದರೆ ಹೋಗುತ್ತೇನೆ ಎಂದವಳು ಹಿಂದೆ ಸರಿಯುವುದು ಹೇಗೆ? ಗಂಟನ್ನು ಮಡಿಲಲ್ಲಿಟ್ಟುಕೊಂಡು ಒಂದೇ ಮಗ್ಗುಲಾಗಿ ಕೂತಳು. ಸೈಕಲ್ ಹೊರಟಿತು. ದಾರಿಯಲ್ಲಿ ಮಳೆ ಹಿಡಿಯಿತು, ನಿನ್ನೆಗಿಂತ ಜೋರಾಗಿ. ಇಳುಕಲಿನ ತಲೆ ಬಂದಾಗ ಮುದುಕಿಯ ಬೆರಳುಗಳು ನಂದಾಳ ಸೊಂಟವನ್ನು ಗಟ್ಟಿಯಾಗಿ ಹಿಡಿದವು. ಹಿಂದೆ ಕೂತಿರುವ ಭಾರದ ಜೊತೆ ಬ್ರೇಕು ಹಿಡಿಯದಿದ್ದರೆ ಇಬ್ಬರೂ ಕಾಲುವೆಗೆ.

ಬ್ರೇಕು ಒತ್ತಿದಳು. ರಬ್ಬರು ನೀರು ಒರೆಸಿಕೊಂಡಿತು, ಒಂದು ಕ್ಷಣ ಜಾರಿತು, ಆಮೇಲೆ ಹಿಡಿಯಿತು. ಸೈಕಲ್ ಮೆಲ್ಲಗೆ ಇಳಿಯತೊಡಗಿತು. ಇಳುಕಲು ಮುಗಿಯುವ ಮುನ್ನ, ಗರಸಿನ ಗುಡ್ಡೆಯ ಪಕ್ಕ, ನಂದಾ ಬೇಕೆಂದೇ ಪೂರ್ತಿ ಒತ್ತಿ ನಿಲ್ಲಿಸಿ ಕಾಲೂರಿದಳು.

ಹಣಮವ್ವ ಇಳಿದಳು. ಗುಡ್ಡೆಯಲ್ಲಿ ನಿನ್ನೆ ಮೈ ಬಿದ್ದ ತಗ್ಗು ಇನ್ನೂ ಇತ್ತು, ದಂಡೆಯಲ್ಲಿ ಪಟ್ಟಿ ಕಿತ್ತ ಚಪ್ಪಲಿ. ಅಲ್ಲಿಂದ ಕಾಲುವೆಯ ನೀರು ಎಷ್ಟು ಹತ್ತಿರ ಎಂಬುದನ್ನು ಅವಳು ನೋಡಿದಳು. ಕಂಬಳಿಯ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಎಮ್ಮಿ ಸಿಟ್ಟಿಲೆ ಹಾಯ್ತ್ರಿ ಅತ್ತಿ," ಎಂದಳು ನಂದಾ. "ನೀವು ಎಣ್ಣಿ ಹಚ್ಚಿದ್ದು ನಾ ಸುಖರೂಪ ಹೋಗಿ ಬರ್ಲಿ ಅಂತ. ಎರಡೂ ಒಂದ ಆಗೂದಿಲ್ಲ. ಈಗ ಇದು ಹಿಡದದ್ದು ಯಾರು ತಿಕ್ಕಿದ್ದಕ್ಕ? ನೀವು ಹ್ವಾದ್ರ ದಿನಾ ಇದನ್ನ ನೋಡವ್ರು ಯಾರು?"

ಮುದುಕಿ ಬಗ್ಗಿ ರಿಮ್ಮನ್ನು ಮುಟ್ಟಿದಳು. ಮಳೆನೀರು ಬಿಟ್ಟರೆ ಬೆರಳಿಗೆ ಏನೂ ಹತ್ತಲಿಲ್ಲ. ಬ್ರೇಕಿನ ಹಿಡಿಯನ್ನು ತಾನೇ ಒತ್ತಿ ನೋಡಿದಳು, ಗಾಲಿ ಮುಂದಕ್ಕೂ ಹಿಂದಕ್ಕೂ ಕದಲಲಿಲ್ಲ. ಬಿಟ್ಟು ಮತ್ತೆ ಒತ್ತಿದಳು. ನಂದಾ ಪೂರ್ವದ ಕಡೆ ನೋಡಿದಳು, ಬೆಳಕು ಏರುತ್ತಿತ್ತು. ಇನ್ನು ಒಂದು ಗಳಿಗೆ ನಿಂತರೂ ಉಪ್ಪಿಟ್ಟು ತಡವಾಗುತ್ತದೆ. ಆದರೂ ಅವಳು ಪೆಡಲಿನ ಮೇಲೆ ಕಾಲಿಡಲಿಲ್ಲ.

ಹಣಮವ್ವ ಕಂಕುಳಿನ ಗಂಟನ್ನು ತಲೆಯ ಮೇಲಿಟ್ಟುಕೊಂಡಳು. ಬಸ್ಸು ನಿಲ್ಲುವ ಕಡೆಗಲ್ಲ, ಏರಿನ ಕಡೆಗೆ ತಿರುಗಿದಳು.

"ನೀ ಹೋಗು, ಹೊತ್ತಾತು. ನನಗ ಎಮ್ಮಿ ಹಿಂಡೂದೈತಿ."

ನಾಲ್ಕು ಹೆಜ್ಜೆ ನಡೆದವಳು ನಿಂತು ಹಿಂತಿರುಗಿ ನೋಡಿದಳು. ಮುಖದ ಮೇಲೆ ಮಳೆಯೋ ಕಣ್ಣೀರೋ ತಿಳಿಯುವಂತಿರಲಿಲ್ಲ, ದನಿ ಮಾತ್ರ ಹಳೆಯ ಹಣಮವ್ವನದೇ.

"ಕ್ಯಾರಿಯರ್ ಬಾಗಲಿಲ್ಲ, ನೋಡಿದಿಲ್ಲೋ?"

ನಂದಾ ನಕ್ಕಳು, ಅಳುತ್ತಲೇ ನಕ್ಕಳು. ಬ್ರೇಕು ಮೆಲ್ಲಗೆ ಸಡಿಲಿಸಿ ಸೇತುವೆಯ ಕಡೆ ಇಳಿದಳು.